ಹಿಂದಿನ ಸೀಟಿನ ಕ್ಯಾಮೆರಾ

ಆಗಸದಲ್ಲಿ ಹಾರುತ್ತಿರುವ ಯುದ್ಧವಿಮಾನವನ್ನು ಕೈಯಳತೆಯಲ್ಲಿ ಕಂಡಂತೆ ತೋರಿಸುವ ಚಿತ್ರಗಳನ್ನು ಸಾಮಾನ್ಯವಾಗಿ ಇನ್ನೊಂದು ವಿಮಾನದಿಂದಲೇ ತೆಗೆಯುತ್ತಾರೆ. ಎರಡು ಸೀಟಿನ ಜೆಟ್‌ನಲ್ಲಿ ಮುಂದೆ ಪೈಲಟ್, ಹಿಂದೆ ಛಾಯಾಗ್ರಾಹಕ. ಬೀದರ್ ನೆಲೆಯ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡದ ಹಾಕ್ ಇಂಥದೇ ವಿಮಾನ. ಹೀಗೆ ಚಿತ್ರ ತೆಗೆಯುವ ಕಲೆಯಲ್ಲಿ ಹೆಸರಾದ ಜಪಾನಿನ ಕತ್ಸುಹಿಕೊ ತೊಕುನಾಗ ಸಾವಿರಕ್ಕೂ ಹೆಚ್ಚು ಗಂಟೆಗಳನ್ನು ಜೆಟ್‌ಗಳಲ್ಲಿ ಕಳೆದಿದ್ದಾರೆ.

ಇಲ್ಲಿನ ಮೊದಲ ತೊಡಕು ತೂಕ. ವಿಮಾನ ರಭಸದಿಂದ ತಿರುಗಿದಾಗ ಅದರೊಳಗಿನ ಪ್ರತಿಯೊಂದರ ತೂಕವೂ ಹಲವು ಪಟ್ಟು ಹೆಚ್ಚಿದಂತಾಗುತ್ತದೆ. ಇದನ್ನು ‘ಜಿ’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದೂವರೆ ಕಿಲೋ ಕ್ಯಾಮೆರಾ 6 ಜಿ ತಿರುವಿನಲ್ಲಿ 9 ಕಿಲೋ ಭಾರವಾಗುತ್ತದೆ. ಅದನ್ನು ಹಿಡಿದ ತೋಳಿಗೂ ಹೆಲ್ಮೆಟ್ ಹೊತ್ತ ತಲೆಗೂ ಇದೇ ಪಾಡು. ರಕ್ತ ಕಾಲಿಗಿಳಿದು ಕಣ್ಣು ಮಂಜಾಗದಂತೆ ಜಿ-ಸೂಟ್ ಎಂಬ ಉಡುಪು ಹೊಟ್ಟೆ, ತೊಡೆಗಳನ್ನು ಬಿಗಿಯುತ್ತದೆ. ಭಾರ ಹೀಗೆ ಹೆಚ್ಚುವುದರಿಂದ ಬಿರುಸಾದ ತಿರುವು ಶುರುವಾಗುವ ಮೊದಲೇ ಕ್ಯಾಮೆರಾವನ್ನು ಎದೆಗೊತ್ತಿಕೊಂಡೋ ತೊಡೆಗಾನಿಸಿಯೋ ಗಟ್ಟಿಯಾಗಿ ಹಿಡಿಯಬೇಕು.

ಎರಡನೆಯದು ಕ್ಯಾನೊಪಿ, ಅಂದರೆ ತಲೆಯ ಮೇಲಿನ ಬಾಗಿದ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ. ಮಂಡಿಯ ಮೇಲಿನ ಬಿಳಿ ಹಾಳೆಯೂ ಅದರಲ್ಲಿ ಪ್ರತಿಫಲಿಸಿ ಚಿತ್ರಕ್ಕೆ ಇಳಿಯುತ್ತದೆ. ಅದಕ್ಕಾಗಿ ಕಪ್ಪು ಕೈಗವಸು ತೊಟ್ಟು, ಲೆನ್ಸನ್ನು ಕ್ಯಾನೊಪಿಯ ಸಮೀಪ ಹಿಡಿಯುತ್ತಾರೆ. ತಾಗಿಸುವಂತಿಲ್ಲ: ತಾಗಿದರೆ ಗೀರು ಬೀಳುತ್ತದೆ, ವಿಮಾನದ ಅದುರಾಟ ಚಿತ್ರಕ್ಕೂ ಹತ್ತುತ್ತದೆ. ನೆಲದಲ್ಲಿ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಇಲ್ಲಿ ಕೈಕೊಡುತ್ತದೆ. ಪ್ಲಾಸ್ಟಿಕ್‌ನೊಳಗಿನ ಬಿಗಿತದಿಂದಾಗಿ ಕಾಮನಬಿಲ್ಲಿನ ಪಟ್ಟೆಗಳು ಮೂಡುತ್ತವೆ. ಜೆಟ್‌ಗೆ ಪ್ರೊಪೆಲರ್ ಇಲ್ಲದ್ದರಿಂದ ಅದರ ಅಲಗುಗಳು ಸುತ್ತುವುದನ್ನು ನಿಧಾನ ಶಟರ್‌ನಿಂದ ತೋರಿಸುವ ಗೋಜಿಲ್ಲ. ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟರೂ ನಡೆಯುತ್ತದೆ.

ಆದರೆ ಚಿತ್ರದ ಮುಕ್ಕಾಲು ಭಾಗ ನೆಲದ ಮೇಲೆಯೇ ತಯಾರಾಗಿರುತ್ತದೆ. ಯಾವ ಎತ್ತರ, ಸೂರ್ಯ ಯಾವ ಬದಿಗೆ, ಯಾವ ವಿಮಾನ ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಬ್ರೀಫಿಂಗ್‌ನಲ್ಲಿ ನಕ್ಷೆ ಬರೆದು ಗೊತ್ತುಮಾಡುತ್ತಾರೆ. ಮೇಲೆ ಹೋದಮೇಲೆ ಹೊಸ ಉಪಾಯಕ್ಕೆ ಇಂಧನವೂ ಇಲ್ಲ, ಸಮಯವೂ ಇಲ್ಲ. ಛಾಯಾಗ್ರಾಹಕ ‘ಸ್ವಲ್ಪ ಮುಂದೆ, ಇನ್ನೂ ಕೆಳಗೆ’ ಎಂದು ತನ್ನ ಪೈಲಟ್‌ಗೆ ಹೇಳಬಹುದು. ಒಪ್ಪುವುದು ಬಿಡುವುದು ಪೈಲಟ್‌ಗೆ ಸೇರಿದ್ದು.

ಕೊನೆಯ ತೊಡಕು, ಎಲ್ಲಕ್ಕಿಂತ ಮುಖ್ಯವಾದದ್ದು, ಸಡಿಲ ವಸ್ತು. 2014ರ ಫೆಬ್ರವರಿಯಲ್ಲಿ ಬ್ರಿಟನ್ ವಾಯುಪಡೆಯ ವಾಯೇಜರ್ ವಿಮಾನ 198 ಜನರನ್ನು ಹೊತ್ತು ಕಪ್ಪು ಸಮುದ್ರದ ಮೇಲೆ ಹಾರುತ್ತಿತ್ತು. ಪೈಲಟ್ ಪಕ್ಕದಲ್ಲಿಟ್ಟಿದ್ದ ಸ್ವಂತ ಕ್ಯಾಮೆರಾ, ಸೀಟನ್ನು ಮುಂದಕ್ಕೆ ಸರಿಸಿದಾಗ ಕೈಯೊರಗು ಮತ್ತು ನಿಯಂತ್ರಣ ಕೋಲಿನ ನಡುವೆ ಸಿಕ್ಕಿಕೊಂಡಿತು. ಕೋಲು ಮುಂದಕ್ಕೆ ಒತ್ತಲ್ಪಟ್ಟು, 27 ಸೆಕೆಂಡಿನಲ್ಲಿ ವಿಮಾನ 4,400 ಅಡಿ ಕುಸಿಯಿತು. ಪ್ರಯಾಣಿಕರು ಚಾವಣಿಗೆ ಬಡಿದು ಗಾಯಗೊಂಡರು. ವಿಮಾನ ಚೇತರಿಸಿಕೊಂಡು ಟರ್ಕಿಯಲ್ಲಿ ಇಳಿಯಿತು. ಇಕ್ಕಟ್ಟಾದ ಯುದ್ಧವಿಮಾನದಲ್ಲಿ ಅಪಾಯ ಇನ್ನೂ ಹೆಚ್ಚು. ಎಜೆಕ್ಷನ್ ಸೀಟಿನ ಹಿಡಿಕೆ ಹಲವು ವಿಮಾನಗಳಲ್ಲಿ ಕಾಲುಗಳ ನಡುವೆಯೇ ಇರುತ್ತದೆ. ಕ್ಯಾಮೆರಾದ ತೂಗಾಡುವ ಪಟ್ಟಿ ಅದಕ್ಕೆ ಸಿಕ್ಕಿಕೊಳ್ಳಬಾರದು.

ಅದಕ್ಕೇ ಹತ್ತುವಾಗ ಜತೆಗೊಯ್ದ ವಸ್ತುಗಳನ್ನು ಎಣಿಸುತ್ತಾರೆ, ಇಳಿದಾಗ ಮತ್ತೆ ಎಣಿಸುತ್ತಾರೆ. ಲೆನ್ಸಿನ ಮುಚ್ಚಳವೊಂದು ಕಡಿಮೆ ಬಂದರೂ ಅದು ಸಿಗುವ ತನಕ ಹುಡುಕಾಟ ನಡೆಯಬೇಕು.