ಗೇರ್ ಪೆಟ್ಟಿಗೆ ಕೂಗತೊಡಗಿದರೆ: ಜೀಪಿನ ಬೇರಿಂಗ್ ಮನೆಯಲ್ಲೇ ಬದಲಿಸುವ ಬಗೆ

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪು ಶೋಕಿಯ ವಾಹನವಲ್ಲ. ಗೊಬ್ಬರ ತರಲು, ಅಡಿಕೆ ಮೂಟೆಯನ್ನು ಮಂಡಿಗೆ ಸಾಗಿಸಲು, ಮಳೆಯ ರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಅದೇ ಆಧಾರ. ಆದ್ದರಿಂದಲೇ ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ಜೀಪುಗಳು ಇಂದಿಗೂ ಓಡುತ್ತಿವೆ. ಇಂಥ ಜೀಪಿನ ಗೇರ್ ಪೆಟ್ಟಿಗೆಯಿಂದ ‘ಗುಂಯ್’ ಎಂಬ ಸದ್ದು ಹೊರಟರೆ ಬಹಳ ಮಂದಿ ಅದನ್ನು ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಡುವುದು ನಷ್ಟಕ್ಕೆ ದಾರಿ. ಬೇರಿಂಗ್ ಸವೆದಾಗ ಶಾಫ್ಟು ತನ್ನ ನೆಲೆಯಿಂದ ಕೂದಲೆಳೆಯಷ್ಟು ಸರಿಯುತ್ತದೆ. ಆಗ ಗೇರಿನ ಹಲ್ಲುಗಳು ಒಂದರೊಳಗೊಂದು ಪೂರ್ತಿ ಕೂರದೆ ಅಂಚಿನಲ್ಲಿ ಉಜ್ಜುತ್ತವೆ. ಬೇರಿಂಗಿನ ಬೆಲೆಯಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಚಕ್ರ, ಶಾಫ್ಟುಗಳ ಬೆಲೆಯೂ ಬಂದು ಸೇರುತ್ತದೆ.

ಸ್ವಲ್ಪ ಕೈಪಳಗಿದ ರೈತರು, ಜೊತೆಗೆ ಇಬ್ಬರ ನೆರವಿದ್ದರೆ, ಈ ಕೆಲಸದ ಬಹುಪಾಲನ್ನು ಮನೆಯ ಕೊಟ್ಟಿಗೆಯಲ್ಲೇ ಮಾಡಿಕೊಳ್ಳಬಹುದು. ಮೃಗಶಿರಾ ಮಳೆ ಹಿಡಿಯುವ ಮೊದಲು, ಬೇಸಿಗೆಯ ಬಿಡುವಿನಲ್ಲಿ ಇದನ್ನು ಮುಗಿಸುವುದು ಮೇಲು. ಇಲ್ಲಿ ಹೇಳುವುದು ಎಂಜಿನ್ ಹಿಂದೆ ಉದ್ದಕ್ಕೆ ಗೇರ್ ಪೆಟ್ಟಿಗೆ ಇರುವ ಜೀಪಿನಂಥ ವಾಹನಗಳಿಗೆ ಮಾತ್ರ. ಮುಂದಿನ ಚಕ್ರದಿಂದ ಓಡುವ ಸಣ್ಣ ಕಾರುಗಳ ರಚನೆ ಬೇರೆ. ಅವನ್ನು ಮನೆಯಲ್ಲಿ ಬಿಚ್ಚದಿರುವುದೇ ಲೇಸು.

ಮೊದಲು ಕಿವಿಗೆ ಕೆಲಸ

ಪೆಟ್ಟಿಗೆಯೊಳಗೆ ಮುಖ್ಯವಾಗಿ ಮೂರು ಶಾಫ್ಟುಗಳಿವೆ. ಕ್ಲಚ್ಚಿನಿಂದ ಒಳಬರುವುದು ಒಂದು, ಅದರಿಂದ ಸದಾ ತಿರುಗುವ ಕೆಳಗಿನ ಲೇ ಶಾಫ್ಟು ಇನ್ನೊಂದು, ಹಿಂದಕ್ಕೆ ಚಕ್ರಗಳ ಕಡೆ ಹೋಗುವ ಮೇನ್ ಶಾಫ್ಟು ಮತ್ತೊಂದು. ಸದ್ದು ಯಾವಾಗ ಬರುತ್ತದೆ ಎಂಬುದರಿಂದ ಯಾವುದರ ಬೇರಿಂಗ್ ಹೋಗಿದೆ ಎಂದು ತಿಳಿಯಬಹುದು.

ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕಲ್ಲಿಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿರಿ. ಸದ್ದು ಬರುತ್ತಿದ್ದು, ಕ್ಲಚ್ ಪೆಡಲ್ ಒತ್ತಿದೊಡನೆ ನಿಂತರೆ ದೋಷವಿರುವುದು ಒಳಬರುವ ಶಾಫ್ಟಿನ ಅಥವಾ ಲೇ ಶಾಫ್ಟಿನ ಬೇರಿಂಗಿನಲ್ಲಿ. ಇದಕ್ಕೆ ತಿರುವುಮುರುವಾಗಿ, ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ಬಹುತೇಕ ಕ್ಲಚ್ಚಿನ ರಿಲೀಸ್ ಬೇರಿಂಗ್. ಅದನ್ನು ಬದಲಿಸಲು ಪೆಟ್ಟಿಗೆ ಇಳಿಸಬೇಕೇ ಹೊರತು ಅದರ ಒಳಗನ್ನು ಮುಟ್ಟಬೇಕಾಗಿಲ್ಲ. ನಿಂತಾಗ ಸದ್ದಿಲ್ಲದೆ ಓಡುವಾಗ ಎಲ್ಲ ಗೇರಿನಲ್ಲೂ ಕೂಗಿದರೆ ಮೇನ್ ಶಾಫ್ಟಿನ ಹಿಂದಿನ ಬೇರಿಂಗ್ ಮೇಲೆ ಅನುಮಾನಪಡಬೇಕು. ಕೆಳಗಿನ ಗೇರುಗಳಲ್ಲಿ ಜೋರಾಗಿ ಕೂಗಿ ಟಾಪ್ ಗೇರಿನಲ್ಲಿ ತಗ್ಗಿದರೆ ಲೇ ಶಾಫ್ಟನ್ನು ನೋಡಬೇಕು. ಟಾಪ್ ಗೇರಿನಲ್ಲಿ ಬಲವು ನೇರವಾಗಿ ಹಿಂದಕ್ಕೆ ಹೋಗುವುದರಿಂದ ಲೇ ಶಾಫ್ಟು ಭಾರವಿಲ್ಲದೆ ಸುಮ್ಮನೆ ಸುತ್ತುತ್ತದೆ. ಒಂದೇ ಗೇರಿನಲ್ಲಿ ಮಾತ್ರ ಸದ್ದಾದರೆ ಅದು ಹಲ್ಲಿನ ದೋಷ. ಸ್ಟಿಯರಿಂಗ್ ಎಡಬಲಕ್ಕೆ ತಿರುಗಿಸಿದಾಗ ಸದ್ದು ಬದಲಾದರೆ ಚಕ್ರದ ಬೇರಿಂಗ್ ನೋಡಿರಿ. ಗೇರ್ ಪೆಟ್ಟಿಗೆಯನ್ನು ವೃಥಾ ಬಿಚ್ಚಬೇಡಿ.

ಎರಡನೆಯ ಸಾಕ್ಷಿ ಎಣ್ಣೆ. ಗಾಡಿ ಸ್ವಲ್ಪ ಓಡಿಸಿ ಬಿಸಿಯಿರುವಾಗಲೇ ಎಣ್ಣೆ ಇಳಿಸಿ, ಅದರಲ್ಲಿ ಆಯಸ್ಕಾಂತ ಆಡಿಸಿರಿ. ಕಾಡಿಗೆಯಂಥ ನುಣುಪು ಪುಡಿ ಅಂಟಿದರೆ ಅದು ಸಹಜ ಸವೆತ. ಚಕ್ಕೆ ಚಕ್ಕೆಯಾಗಿ ಉಕ್ಕು ಬಂದರೆ ಬೇರಿಂಗೋ ಹಲ್ಲೋ ಸಿಪ್ಪೆ ಏಳುತ್ತಿದೆ ಎಂದರ್ಥ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ನಮ್ಮ ಮಲೆನಾಡಿನಲ್ಲಿ ಬೇರಿಂಗ್ ಹಾಳಾಗಲು ಇದು ದೊಡ್ಡ ಕಾರಣವೆಂದೇ ಹೇಳಬೇಕು. ಓಡಿ ಬಿಸಿಯಾದ ಪೆಟ್ಟಿಗೆ ಹಳ್ಳದ ನೀರಿಗಿಳಿದಾಗ ಒಮ್ಮೆಗೇ ತಣಿದು, ಗಾಳಿತೂತಿನಿಂದಲೋ ಹಳೆಯ ಆಯಿಲ್ ಸೀಲಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಈ ದೋಷ ಸರಿಪಡಿಸದೆ ಹೊಸ ಬೇರಿಂಗ್ ಹಾಕಿದರೆ ಅದೂ ಬಾಳುವುದಿಲ್ಲ.

ಇಳಿಸುವಾಗ ಎಚ್ಚರ

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎತ್ತಿದ ಮೇಲೆ ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಅಥವಾ ದಪ್ಪ ಮರದ ದಿಮ್ಮಿ ಕೊಡಬೇಕು. ಬರೀ ಜಾಕಿಯನ್ನು ನಂಬಿ ಕೆಳಗೆ ಮಲಗುವುದು ಪ್ರಾಣಕ್ಕೇ ಅಪಾಯ. ಇಟ್ಟಿಗೆ ಅಥವಾ ಸೈಜುಗಲ್ಲಿನ ಅಟ್ಟಿಯೂ ಬೇಡ. ಅದು ಯಾವಾಗ ಸೀಳುತ್ತದೆಂದು ಹೇಳಲಾಗದು.

ಬ್ಯಾಟರಿಯ ವೈರ್ ಕಳಚಿ, ಸೀಟಿನ ಮುಂದಿನ ನೆಲದ ತಗಡನ್ನು ಬಿಚ್ಚಿದರೆ ಪೆಟ್ಟಿಗೆ ಮೇಲಿನಿಂದ ಕಾಣುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೂ ಅದು ಕೂರುವ ಫ್ಲಾಂಜಿಗೂ ಸೇರಿಸಿ ಬಣ್ಣದ ಗೆರೆ ಎಳೆದು, ಆಮೇಲೆ ಬಿಚ್ಚಬೇಕು. ಜೀಪಿನ ಎಂಜಿನ್ನಿನ ಹಿಂಭಾರವೂ ಪೆಟ್ಟಿಗೆಯ ಕೆಳಗಿನ ಅಡ್ಡಪಟ್ಟಿಯ ಮೇಲೆಯೇ ಇರುತ್ತದೆ. ಆದ್ದರಿಂದ ಆ ಪಟ್ಟಿ ತೆಗೆಯುವ ಮೊದಲು ಎಂಜಿನ್ನಿಗೆ ಬೇರೆ ಆಸರೆ ಕೊಡಲೇಬೇಕು. ನಾಲ್ಕು ಚಕ್ರದ ಡ್ರೈವ್ ಇದ್ದರೆ ಟ್ರಾನ್ಸ್‌ಫರ್ ಕೇಸ್ ಸಹಿತ ಒಟ್ಟಿಗೇ ಇಳಿಸಬಹುದು. ಭಾರ ಬಹಳ, ಇನ್ನೊಂದು ಜಾಕಿಯ ಮೇಲೆ ಹಲಗೆಯಿಟ್ಟು ಹೊರಿಸಿ, ನೇರವಾಗಿ ಹಿಂದಕ್ಕೆ ಎಳೆಯಬೇಕು. ಅರ್ಧ ಬಂದ ಪೆಟ್ಟಿಗೆಯನ್ನು ನೇತಾಡಲು ಬಿಟ್ಟರೆ ಕ್ಲಚ್ ಪ್ಲೇಟು ಸೊಟ್ಟಗಾಗುತ್ತದೆ.

ಪೆಟ್ಟಿಗೆಯನ್ನು ಬಿಚ್ಚುವ ಮುನ್ನವೇ ಹೊರಗಿನ ಮಣ್ಣನ್ನು ಡೀಸೆಲ್ ಹಾಕಿ ತೊಳೆಯಿರಿ. ಮೇಲಿನ ಮುಚ್ಚಳದಲ್ಲಿ ಸ್ಪ್ರಿಂಗು, ಗುಂಡುಗಳಿರುತ್ತವೆ. ಸಿಡಿದು ಹೋದರೆ ಹುಡುಕುತ್ತ ಅರ್ಧ ದಿನ ಕಳೆಯುತ್ತದೆ. ಬಿಚ್ಚಿದ ಪ್ರತಿ ಸಾಮಾನನ್ನೂ ಬಂದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಈಗ ಎಲ್ಲರ ಕೈಯಲ್ಲೂ ಇರುವ ಫೋನಿನಿಂದ ಹೆಜ್ಜೆ ಹೆಜ್ಜೆಗೂ ಒಂದು ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ತೆಳು ವಾಷರುಗಳನ್ನು ಅದಲು ಬದಲು ಮಾಡಬಾರದು. ಹಲವು ಹಳೆಯ ಪೆಟ್ಟಿಗೆಗಳಲ್ಲಿ ಲೇ ಶಾಫ್ಟಿನ ಸುತ್ತ ಸೂಜಿಯಂಥ ರೋಲರುಗಳಿರುತ್ತವೆ. ಶಾಫ್ಟಿನಷ್ಟೇ ದಪ್ಪದ, ಗೇರು ಗೊಂಚಲಿನಷ್ಟೇ ಉದ್ದದ ಒಂದು ಸರಳನ್ನು ಲೇತಿನಲ್ಲಿ ಮಾಡಿಸಿಟ್ಟುಕೊಂಡು, ಅದರಿಂದಲೇ ಶಾಫ್ಟನ್ನು ಹೊರತಳ್ಳಿದರೆ ಸೂಜಿಗಳು ಉದುರುವುದಿಲ್ಲ. ಅವನ್ನು ಎಣಿಸಿ ಬರೆದಿಡಿ. ಒಂದು ಕಡಿಮೆಯಾದರೂ ಮತ್ತೆ ಕೂಡಿಸಬಾರದು.

ನಂಬರ್ ಓದುವುದು

ಅಂಗಡಿಗೆ ಹಳೆಯ ಬೇರಿಂಗನ್ನೇ ಒಯ್ಯಿರಿ. ಅದರ ಅಂಚಿನ ನಂಬರಿನ ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಿದರೆ ನಡುತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. ಈ ಲೆಕ್ಕ 04ರಿಂದ ಮೇಲಿನವಕ್ಕೆ. 6207 ಎಂದರೆ ತೂತು 35, ಹೊರ ಅಳತೆ 72, ದಪ್ಪ 17 ಮಿ.ಮೀ. 6307ರ ತೂತೂ 35, ಆದರೆ ಹೊರ ಅಳತೆ 80, ದಪ್ಪ 21. ಮುಂದೆ ‘ಎನ್’ ಇದ್ದರೆ ಹೊರಬಳೆಯಲ್ಲಿ ಕ್ಲಿಪ್ ಕೂರುವ ಗಾಡಿ ಇದೆಯೆಂದೂ, ‘ಸಿ3’ ಇದ್ದರೆ ಒಳಗಿನ ಸಡಿಲ ಮಾಮೂಲಿಗಿಂತ ಹೆಚ್ಚೆಂದೂ ತಿಳಿಯಬೇಕು. ಈ ಬಾಲದಕ್ಷರ ಬಿಟ್ಟು ತಂದರೆ ಅಳತೆ ಸರಿಯಿದ್ದರೂ ಬೇರಿಂಗ್ ನಿಮ್ಮದಲ್ಲ. ಪೇಟೆಯಲ್ಲಿ ಹೆಸರಾಂತ ಕಂಪನಿಗಳ ಡಬ್ಬಿಯಲ್ಲಿ ನಕಲಿ ಮಾಲೂ ಬರುತ್ತದೆ. ರಸೀದಿ ಕೊಡುವ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿರಿ. ಜೊತೆಗೆ ಹೊಸ ಆಯಿಲ್ ಸೀಲು, ಪ್ಯಾಕಿಂಗುಗಳನ್ನೂ ತರಬೇಕು.

ತೆಗೆಯುವುದು, ಕೂರಿಸುವುದು

ಬಿಗಿಯಾದ ಬೇರಿಂಗನ್ನು ಪುಲ್ಲರ್ ಹಾಕಿ ಎಳೆಯಬೇಕು. ಅಲುಗದಿದ್ದರೆ ಆ ಶಾಫ್ಟೊಂದನ್ನೇ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯುವುದು ಜಾಣತನ. ಇದರಲ್ಲಿ ಅವಮಾನವೇನೂ ಇಲ್ಲ. ಗಟ್ಟಿ ಉಕ್ಕಿನ ಬಳೆಗೆ ಸುತ್ತಿಗೆಯಿಂದ ಹೊಡೆದರೆ ಚೂರು ಹಾರಿ ಕಣ್ಣಿಗೆ ಬಡಿಯಬಹುದು.

ಹೊಸತನ್ನು ಕೂರಿಸುವ ಗಳಿಗೆಯವರೆಗೆ ಕಾಗದ ಬಿಚ್ಚಬಾರದು. ಶಾಫ್ಟಿನ ಮೇಲೆ ಏರಿಸುವಾಗ ಒತ್ತಡ ಒಳಬಳೆಯ ಮೇಲೆಯೇ ಬೀಳಬೇಕು, ಪೆಟ್ಟಿಗೆಯ ಗೂಡಿಗೆ ಇಳಿಸುವಾಗ ಹೊರಬಳೆಯ ಮೇಲೆ. ತಪ್ಪಿದರೆ ಒತ್ತಡ ಗುಂಡುಗಳ ಮೂಲಕ ಹಾದು ಹಾದಿಯಲ್ಲಿ ಕುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಕೂಗುತ್ತದೆ. ಬೇರಿಂಗನ್ನು ಶುದ್ಧ ಎಣ್ಣೆಯಲ್ಲಿ 80–90 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಹಿಗ್ಗಿ ಸುಲಭವಾಗಿ ಏರುತ್ತದೆ. ತಂತಿಯಲ್ಲಿ ಇಳಿಬಿಡಿ, ಪಾತ್ರೆಯ ತಳ ತಾಗಬಾರದು. 120 ಡಿಗ್ರಿ ದಾಟಿದರೆ ಉಕ್ಕಿನ ಗುಣ ಕೆಡಬಹುದು. ಬೆಂಕಿಯ ಜ್ವಾಲೆಯನ್ನಂತೂ ನೇರ ಹಿಡಿಯಲೇಬಾರದು. ರಬ್ಬರ್ ಮುಚ್ಚಳದ ಬೇರಿಂಗಿಗೆ ಈ ವಿಧಾನ ಸಲ್ಲದು. ಅಡುಗೆಮನೆಯ ಪಾತ್ರೆ ಕೇಳಲು ಹೋಗಿ ಮನೆಯವರ ಕೋಪಕ್ಕೆ ಗುರಿಯಾಗದೆ ಒಂದು ಹಳೆಯ ಡಬ್ಬ ಇಟ್ಟುಕೊಳ್ಳಿರಿ.

ಬೇರಿಂಗು ಬೆರಳಿನಲ್ಲೇ ಸಲೀಸಾಗಿ ಶಾಫ್ಟಿಗೇರಿದರೆ ಸಂತೋಷಪಡಬೇಡಿ. ಬಿಗಿ ಇರಬೇಕಾದ ಕಡೆ ಹಾಗಾದರೆ ಶಾಫ್ಟೇ ಸವೆದಿದೆ. ಕೆಲವರು ಪಂಚಿನಿಂದ ಚುಕ್ಕಿ ಚುಕ್ಕಿ ಹೊಡೆದು ಬಿಗಿ ಮಾಡಿಕೊಡುತ್ತಾರೆ. ಅದು ಊರು ಸೇರಲು ಸಾಕು, ಬಾಳಿಕೆಗಲ್ಲ. ಲೋಹ ತುಂಬಿಸಿ ಗ್ರೈಂಡಿಂಗ್ ಮಾಡಿಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು.

ಕೂಡಿಸಿದ ಮೇಲೆ ಕೈಯಿಂದಲೇ ತಿರುಗಿಸಿ, ಎಲ್ಲ ಗೇರುಗಳನ್ನೂ ಹಾಕಿ ನೋಡಿ, ಆಮೇಲೆ ಏರಿಸಿರಿ. ಪೆಟ್ಟಿಗೆ ಎಂಜಿನ್ನಿಗೆ ಪೂರ್ತಿ ಕೂರದಿದ್ದರೆ ಬೋಲ್ಟು ಬಿಗಿದು ಎಳೆಯಬಾರದು. ಟಾಪ್ ಗೇರ್ ಹಾಕಿ ಹಿಂದಿನ ಫ್ಲಾಂಜನ್ನು ಸ್ವಲ್ಪ ತಿರುಗಿಸಿದರೆ ಕ್ಲಚ್ಚಿನ ಹಲ್ಲು ಹೊಂದಿ ತಾನಾಗಿ ಸರಿಯುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಪಕ್ಕದ ತೂತಿನ ಮಟ್ಟಕ್ಕೆ ತುಂಬಿಸಿರಿ. ಜಿಎಲ್-4 ಹೇಳಿದ್ದಲ್ಲಿ, ಹೆಚ್ಚಿನದೆಂದು ಜಿಎಲ್-5 ಹಾಕಿದರೆ ಕೆಲವು ಪೆಟ್ಟಿಗೆಗಳ ಹಿತ್ತಾಳೆ ರಿಂಗುಗಳಿಗೆ ಹಾನಿಯಾಗುವುದುಂಟು. ಗಾಳಿತೂತನ್ನು ಚೊಕ್ಕಟ ಮಾಡಿ, ಅದಕ್ಕೊಂದು ರಬ್ಬರ್ ನಳಿಗೆ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಹಳ್ಳದ ನೀರು ಆ ದಾರಿಯಿಂದ ಬರುವುದಿಲ್ಲ.

ಸುಮಾರು 500 ಕಿ.ಮೀ. ಓಡಿದ ಬಳಿಕ ಎಣ್ಣೆ ಇಳಿಸಿ ಮತ್ತೊಮ್ಮೆ ಆಯಸ್ಕಾಂತ ಆಡಿಸಿ ನೋಡಿರಿ, ಹೊಸ ಎಣ್ಣೆ ತುಂಬಿರಿ. ತೆಗೆದ ಎಣ್ಣೆಯನ್ನು ತೋಟಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲದೆ ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿರಿ.