ಸಹಿ ಕಲಿತ ಮೇಲೆ ಮುಂದೇನು?

ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ಬಿಚ್ಚಿ, ಹೊಸ ತಂತಿ ಸುತ್ತಿ ಸಂಜೆಯೊಳಗೆ ನಡೆಯುವಂತೆ ಮಾಡುವ ಯುವಕರಿಗೆ ಇಂಡಿ, ಸಿಂದಗಿಯ ಕಡೆ ಬರವಿಲ್ಲ. ಆದರೆ ಅಂಥವನೊಬ್ಬ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಅರ್ಜಿ ಹಾಕಿದರೆ ಮೊದಲು ಕೇಳುವುದು ಹತ್ತನೆಯ ಇಯತ್ತೆಯ ಅಂಕಪಟ್ಟಿ. ಎಂಟನೆಯದು ಮುಗಿಸಿ ಶಾಲೆ ಬಿಟ್ಟವನಿಗೆ ವೈರ್‌ಮನ್, ವೆಲ್ಡರ್‌ನಂಥ ಕೆಲವು ಕಸುಬುಗಳ ಬಾಗಿಲು ಮಾತ್ರ ತೆರೆದಿರುತ್ತದೆ. ಕೈಯಲ್ಲಿ ಕಸುಬಿದ್ದೂ ಕಾಗದವಿಲ್ಲದವರ ಈ ಸಮಸ್ಯೆಗೆ ಪರಿಹಾರ ಹುಡುಕುವ ಯತ್ನಕ್ಕೆ ನಮ್ಮಲ್ಲಿ ದೀರ್ಘ ಇತಿಹಾಸವಿದೆ.

ಹಳೆಯ ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯು 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವೊಂದನ್ನು ತೆರೆಯಿತು. ಡೆನ್ಮಾರ್ಕಿನ ಜನತಾ ಶಾಲೆಗಳೇ ಇದಕ್ಕೆ ಮಾದರಿ. ಹಳ್ಳಿಯ ತರುಣರು ಅಲ್ಲಿಯೇ ತಂಗಿ ಬೇಸಾಯ, ಕಸುಬು, ಊರಿನ ವ್ಯವಹಾರಗಳನ್ನು ಒಟ್ಟಿಗೆ ಕಲಿಯಬೇಕೆಂಬುದು ಉದ್ದೇಶ. ನಗರದ ಕಾರ್ಮಿಕರಿಗಾಗಿ ಇಂಥದೇ ಪ್ರಯತ್ನ 1967ರಲ್ಲಿ ಮುಂಬೈಯಲ್ಲಿ ನಡೆಯಿತು. ಅಲ್ಲಿ ಹುಟ್ಟಿದ ‘ಶ್ರಮಿಕ ವಿದ್ಯಾಪೀಠ’ 2000ದಲ್ಲಿ ‘ಜನ ಶಿಕ್ಷಣ ಸಂಸ್ಥಾನ’ವಾಯಿತು, 2018ರಲ್ಲಿ ಶಿಕ್ಷಣದ ಇಲಾಖೆಯಿಂದ ಕೌಶಲಾಭಿವೃದ್ಧಿ ಸಚಿವಾಲಯಕ್ಕೆ ಹೋಯಿತು. ಸರ್ಕಾರದ ಹಣ, ಸ್ವಯಂಸೇವಾ ಸಂಸ್ಥೆಯ ಆಡಳಿತ ಎಂಬುದು ಅದರ ಪದ್ಧತಿ. 15ರಿಂದ 45 ವಯಸ್ಸಿನ ಅನಕ್ಷರಸ್ಥರು, ನವಸಾಕ್ಷರರು, ಅರ್ಧಕ್ಕೆ ಶಾಲೆ ಬಿಟ್ಟವರು ಅಲ್ಲಿ ಕಲಿಯಬಹುದು.

ವಿಜಯಪುರ ಜಿಲ್ಲೆಯ ಮಟ್ಟಿಗೆ ದೊಡ್ಡ ಅಲೆ ಎದ್ದದ್ದು ಸಾಕ್ಷರತಾ ಆಂದೋಲನದಿಂದ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. ಬಾಗಲಕೋಟೆಯೂ ಸೇರಿದ್ದ ಅಂದಿನ ಅವಿಭಜಿತ ವಿಜಾಪುರ ಜಿಲ್ಲೆ 1990ರ ದಶಕದ ಆರಂಭದಲ್ಲೇ ಈ ಆಂದೋಲನಕ್ಕೆ ಇಳಿಯಿತು. ಸಂಬಳವಿಲ್ಲದ ಸ್ವಯಂಸೇವಕರು, ಬೀದಿ ನಾಟಕದ ಕಲಾಜಾಥಾ, ಮೂರು ಹಂತದ ಪಾಠಪುಸ್ತಕ, ಸುಮಾರು 200 ಗಂಟೆಗಳ ಕಲಿಕೆ, ಇದು ಅದರ ಸ್ವರೂಪ. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕಲು ಕಲಿತರು. ಆದರೆ ಕಲಿತ ಅಕ್ಷರ ಬಳಕೆಯಿಲ್ಲದೆ ಮರೆಯುತ್ತದೆ. ಅಕ್ಷರದ ಮುಂದಿನ ಮೆಟ್ಟಿಲು ಕಾಣದಿದ್ದಾಗ ಕಲಿಕೆ ಸಹಿಗೇ ನಿಲ್ಲುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 67. ಮಹಿಳೆಯರಲ್ಲಿ ಸುಮಾರು ಶೇ 57 ಮಾತ್ರ. ರಾಜ್ಯದ ಸರಾಸರಿ ಶೇ 75 ಇತ್ತು.

ಆ ಮುಂದಿನ ಮೆಟ್ಟಿಲುಗಳನ್ನು ಬೇರೆ ಬೇರೆ ಕೈಗಳು ಕಟ್ಟಿವೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಎರಡು ಬ್ಯಾಂಕುಗಳೊಡನೆ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಶಾಖೆ ವಿಜಯಪುರದಲ್ಲೂ ಇದೆ. ಊಟ, ವಸತಿಯೊಡನೆ ಉಚಿತ ತರಬೇತಿ, ನಂತರ ಬ್ಯಾಂಕಿನ ಸಾಲಕ್ಕೆ ನೆರವು ಇದರ ವಿಶೇಷ. ಹೊಲಿಗೆ, ಹೈನುಗಾರಿಕೆ, ಮೋಟಾರು ರಿಪೇರಿಯಂಥ ಸ್ವಂತ ಉದ್ಯೋಗಕ್ಕೆ ಇದು ಹೊಂದುತ್ತದೆ. ಆದರೆ ಇಲ್ಲಿನ ಪ್ರಮಾಣಪತ್ರ ಎಸ್ಸೆಸ್ಸೆಲ್ಸಿಗೆ ಸಮನಲ್ಲ.

ಶಾಲೆ ಪೂರೈಸಲು ಎರಡು ದಾರಿಗಳಿವೆ. ಹದಿನೈದು ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕೂಡಬಹುದು. ಇಲ್ಲವೇ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ಐದು ವರ್ಷಗಳ ಅವಧಿಯಲ್ಲಿ ಒಂದೊಂದೇ ವಿಷಯ ಪಾಸು ಮಾಡುತ್ತ ಹೋಗಬಹುದು. ಕಸುಬು ಮತ್ತು ಶಾಲೆಯ ನಡುವೆ ನೇರ ಸೇತುವೆ ಬಿದ್ದದ್ದು 2016ರ ಜುಲೈಯಲ್ಲಿ. ಎಂಟನೆಯ ತರಗತಿಯ ಆಧಾರದ ಮೇಲೆ ಐಟಿಐ ಮುಗಿಸಿದವರು ಈ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಗೆ ಸಮನಾದ ಅರ್ಹತೆ ಪಡೆಯಲು ಎರಡು ಸಚಿವಾಲಯಗಳ ನಡುವೆ ಆಗ ಒಪ್ಪಂದವಾಯಿತು. ಕಲಿತ ಕಸುಬಿಗೂ ಅಂಕಪಟ್ಟಿಯಲ್ಲಿ ಬೆಲೆ ಬಂತು.

ಇಷ್ಟಿದ್ದೂ ತೊಡಕು ಉಳಿದಿರುವುದು ಕ್ಯಾಲೆಂಡರಿನಲ್ಲಿ. ಈ ಭಾಗದಿಂದ ಕುಟುಂಬಗಳು ಮಹಾರಾಷ್ಟ್ರದ ಕಬ್ಬು ಕಡಿಯಲು, ಗೋವಾದ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ದೀಪಾವಳಿಯ ಸುಮಾರಿಗೆ ಶುರುವಾಗುವ ಕಬ್ಬಿನ ಹಂಗಾಮು ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿಯ ಓದು ಬಿಸಿಯೇರುವುದೂ ಅದೇ ತಿಂಗಳುಗಳಲ್ಲಿ. ಗದ್ದೆಯಲ್ಲಿ ಕೋಯ್ತಾ ಹಿಡಿದವರು ಪಾಠಕ್ಕೆ ಬರುವುದೆಂತು? ಊರಲ್ಲೇ ಉಳಿದವರಿಗೂ ಕಷ್ಟ ಇದ್ದದ್ದೇ. ತರಬೇತಿ ಜಿಲ್ಲಾ ಕೇಂದ್ರದಲ್ಲಾದರೆ ಮುದ್ದೇಬಿಹಾಳದ ಹಳ್ಳಿಯ ಗೃಹಿಣಿಗೆ ಹೋಗಿಬರುವುದರಲ್ಲೇ ದಿನ ಕಳೆಯುತ್ತದೆ, ಆ ದಿನದ ಕೂಲಿಯೂ ಹೋಗುತ್ತದೆ.

2022ರಲ್ಲಿ ಐದು ವರ್ಷಗಳ ಅವಧಿಗೆ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು ಅಕ್ಷರ, ಜೀವನ ಕೌಶಲ, ವೃತ್ತಿ ಕೌಶಲ, ಶಾಲಾ ಸಮಾನ ಶಿಕ್ಷಣ, ಮುಂದುವರಿಕೆ ಶಿಕ್ಷಣ ಎಂಬ ಐದನ್ನೂ ಒಂದೇ ಸೂರಿನಡಿ ತಂದಿದೆ. ಕಾಗದದ ಮೇಲೆ ಯೋಜನೆ ಸರಿಯಾಗಿದೆ. ಅದು ಫಲಿಸಬೇಕಾದರೆ ಅಕ್ಷರ ಕಲಿಸುವವರು, ಕಸುಬು ಕಲಿಸುವವರು, ಪರೀಕ್ಷೆ ನಡೆಸುವವರು ಕೂಡಿ ಕುಳಿತು, ಗುಳೆ ಹೋದವರು ಮರಳುವ ತಿಂಗಳುಗಳನ್ನು ನೋಡಿ ಪಾಠದ ವೇಳೆ ಗೊತ್ತುಪಡಿಸಬೇಕು. ಕಾಯಕಕ್ಕೆ ಗೌರವ ತಂದ ಬಸವಣ್ಣ ಹುಟ್ಟಿದ್ದು ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ. ಆ ನೆಲದಲ್ಲಿ ದುಡಿಯುವ ಕೈಗೆ ಅಂಕಪಟ್ಟಿಯೊಂದು ದಕ್ಕುವುದು ಕಷ್ಟವಾಗಬಾರದು.