ಉಣುಗಿನ ಕಡಿತ ಮತ್ತು ಮನೆಯ ಉಪಶಮನ

ತಾಳಗುಂದದ ಸುತ್ತಣ ಶಿಕಾರಿಪುರ, ಸೊರಬದ ಸೀಮೆಯಲ್ಲಿ, ದರಗು ಗುಡಿಸಲೆಂದೋ ಸೌದೆ ತರಲೆಂದೋ ಕಾನಿಗೆ ಹೋಗಿ ಮರಳಿದವರ ಕಣಕಾಲಿನಲ್ಲಿ, ಸೊಂಟದ ಮಡಿಕೆಯಲ್ಲಿ, ಎಳ್ಳುಕಾಳಿನಷ್ಟು ಕಿರಿದಾದ ಉಣುಗೊಂದು ಕಚ್ಚಿ ಕುಳಿತಿರುವುದು ಬೇಸಗೆಯ ಪರಿಚಿತ ಅನುಭವ.

ಅದಕ್ಕೆ ಸೀಮೆಎಣ್ಣೆ ಸುರಿಯುವುದಾಗಲಿ, ಬೆಂಕಿಕಡ್ಡಿ ತಾಗಿಸುವುದಾಗಲಿ ಸರ್ವಥಾ ಸಲ್ಲದು. ಚಿಮಟದಿಂದ ಚರ್ಮಕ್ಕೆ ತೀರ ಸಮೀಪದಲ್ಲಿ ಅದರ ಬಾಯಿಯ ಬುಡವನ್ನು ಹಿಡಿದು, ತಿರುಚದೆ, ಮೆಲ್ಲನೆ ನೇರವಾಗಿ ಮೇಲೆತ್ತಿ, ಆ ಸ್ಥಳವನ್ನು ಸಾಬೂನು ನೀರಿನಿಂದ ತೊಳೆಯಬೇಕು. ತುರಿಕೆಯೆಂಬುದು ಆ ಜಂತುವಿನ ಲಾಲಾರಸಕ್ಕೆ ನಮ್ಮ ದೇಹವು ತೋರುವ ಪ್ರತಿಕ್ರಿಯೆಯಾದುದರಿಂದ, ಉಗುರಿನಿಂದ ಕೆರೆದಷ್ಟೂ ಅದು ಉಲ್ಬಣಿಸುವುದು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 10 ನಿಮಿಷ ಒತ್ತಿಟ್ಟು, ಬಳಿಕ ಕ್ಯಾಲಮೈನ್ ಲೋಷನ್ನನ್ನು ತೆಳುವಾಗಿ ಲೇಪಿಸಿದರೆ ಶಮನ ದೊರೆಯುವುದು. ಸುಣ್ಣ ಹಚ್ಚುವುದು ಬೇಡ, ಚರ್ಮ ಸುಡುತ್ತದೆ.

ಆದರೆ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಲೋಕಕ್ಕೆ ಗೋಚರವಾದ ಮಂಗನ ಕಾಯಿಲೆಯು ಹರಡುವುದು ಮುಖ್ಯವಾಗಿ ಉಣುಗಿನ ಕಡಿತದಿಂದಲೇ. ಕಡಿತದ ಬಳಿಕ 3ರಿಂದ 8 ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಕೈನೋವು ಕಂಡುಬಂದರೆ ಮನೆಮದ್ದನ್ನು ಬದಿಗಿರಿಸಿ, ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಅಂದೇ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ.